ಎಮ್ಮೆಯ ಪಾಲು

ನಮ್ಮ ಮನೆಯ ಗೂಟದ ಮೇಲೆ ಒಂದು ಅರ್ಧ ಪಂಚೆ ನೇತಾಡುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಲಿ ಕಡಿದಿದ್ದರೆ ಇಲಿಯನ್ನು ಬಯ್ದು ಸುಮ್ಮನಾಗಬಹುದಿತ್ತು. ಇದು ನನ್ನ ಹೆಂಡತಿ ಓಬಮ್ಮ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಪರ್ರೆಂದು ಹರಿದದ್ದು. ಅದೂ ನನ್ನ ಕಣ್ಣೆದುರಿಗೆ, ನಾನು ಬೇಡ ಬೇಡ ಅನ್ನುತ್ತಿದ್ದಾಗಲೇ.

ಆ ಪಂಚೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅಂದರೆ, ತಂದದ್ದು ಅಂಗಡಿಯಿಂದಲೇ. ಆದರೆ ಅಷ್ಟು ಮೆತ್ತಗಾಗಲು ಅದು ನನ್ನ ಜೊತೆ ಬಹಳ ಕಾಲ ಬಾಳಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದುಡಿದು ಬಂದು, ಮೈಗಂಟಿದ ಶೇಂಗಾ ಎಣ್ಣೆಯನ್ನು ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಆಮೇಲೆ ಉಡುತ್ತಿದ್ದ ಪಂಚೆ ಅದು. ಮೊಮ್ಮಗಳು ಗೌರಿ ಹುಟ್ಟಿದ ದಿನ ಅದನ್ನೇ ಉಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ನರ್ಸಮ್ಮ ಮಗುವನ್ನು ತಂದು ಮಡಿಲಿಗೆ ಹಾಕಿದಳು. ಮಗು ಒಂದೇ ಕಣ್ಣು ಬಿಟ್ಟು ನನ್ನನ್ನು ನೋಡಿತು. ಸರಿಯಾದ ಕಡೆಗೇ ಬಂದಿದ್ದೇನೆ ಎಂದು ಖಾತ್ರಿಯಾದ ಮೇಲೆ ನನ್ನ ಪಂಚೆಯನ್ನು ಒದ್ದೆ ಮಾಡಿತು. ಎಲ್ಲ ಮಕ್ಕಳೂ ಒದ್ದೆ ಮಾಡುತ್ತವೆ, ನನಗೂ ಗೊತ್ತು. ಆದರೆ ಆ ಬೆಚ್ಚಗಿನದು ತೊಡೆಗೆ ತಾಗಿದಾಗ ತಡೆಯಲಾಗದೆ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮನುಷ್ಯನಿಗೆ "ನೋಡ್ರಿ, ನನ್ನ ಮೊಮ್ಮಗಳು" ಎಂದು ತೋರಿಸಿದೆ. ಅವನಾದರೂ ಏನು ಮಾಡಿಯಾನು, ಒದ್ದೆ ಪಂಚೆಯನ್ನೇ ನೋಡಿ "ಬಾಳ ಚೆನ್ನಾಗೈತೆ ಬಿಡ್ರಿ" ಅಂದ.

ಅಂಥ ಪಂಚೆಯನ್ನು ಹರಿದರು. ಯಾಕೆ ಹರಿದರು ಎಂದು ಹೇಳಬೇಕಾದರೆ ನನ್ನ ಹೊಟ್ಟೆಯ ವಿಷಯಕ್ಕೆ ಬರಬೇಕು. ಬರಲು ನನಗೆ ಇಷ್ಟವಿಲ್ಲ. ಆದರೆ ನನಗಿಂತ ಮೊದಲೇ ಇಡೀ ಚಳ್ಳಕೆರೆ ಅದನ್ನು ಮಾತಾಡಿ ಮುಗಿಸಿದೆ. ಇನ್ನು ನನಗೇನು ನಾಚಿಕೆ.

ಬಾಣಂತನ ಮುಗಿಸಿಕೊಂಡು ಮಗಳು ಮಂಜುಳ ಮಗುವನ್ನೆತ್ತಿಕೊಂಡು ಮೊಳಕಾಲ್ಮೂರಿನ ಗಂಡನ ಮನೆಗೆ ಹೋದಳು. ಆ ಸಂಕಟಕ್ಕೋ ಏನೋ, ಸ್ವಲ್ಪ ದಿನಕ್ಕೆ ನನಗೆ ಬಲಪಕ್ಕೆಯಲ್ಲಿ ನೋವು ಶುರುವಾಯಿತು. ಊಟ ಮಾಡಿದರೆ ಸಾಕು, ಒಳಗಿನಿಂದ ಯಾರೋ ಹಾರೆ ಹಾಕಿ ಮೀಟಿದ ಹಾಗೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ನೋಡಿ, ಪಿತ್ತದ ಚೀಲದ ತುಂಬ ಕಲ್ಲು ಅಂದರು. ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ಚೀಲವನ್ನೇ ಎಳೆದು ತೆಗೆದರು. ಕಲ್ಲುಗಳನ್ನು ಒಂದು ಶೀಶೆಯಲ್ಲಿ ಹಾಕಿ ಕೊಟ್ಟರು. ಓಬಮ್ಮ ಆ ಶೀಶೆಯನ್ನು ತಂದು ಅಡುಗೆಮನೆಯ ಗೂಡಿನಲ್ಲಿ, ಅರಿಶಿನ ಕುಂಕುಮದ ಬಟ್ಟಲ ಪಕ್ಕದಲ್ಲಿ ಇಟ್ಟಳು. ನನ್ನನ್ನು ಮಾತಾಡಿಸಲು ಬಂದವರಿಗೆಲ್ಲ ಮೊದಲು ಕಲ್ಲಿನ ದರ್ಶನ, ಆಮೇಲೆ ಕಾಫಿ. ಬಂದವರು ಶೀಶೆಯನ್ನು ಗಲಗಲ ಅಲ್ಲಾಡಿಸಿ "ಶೇಂಗಾ ಬೀಜ ಇದ್ದಂಗೆ ಅದಾವಲ್ಲೇ" ಎಂದು ಮೆಚ್ಚಿಕೊಂಡು ಹೋಗುತ್ತಿದ್ದರು. ನಾನು ಮೂಲೆಯಲ್ಲಿ ಮಂಚದ ಮೇಲೆ ಇದ್ದೆ. ನನ್ನನ್ನು ಯಾರೂ ಅಷ್ಟು ಮೆಚ್ಚಿಕೊಳ್ಳಲಿಲ್ಲ.

ನೋವು ಹೋಯಿತು, ಆದರೆ ಬೇರೆ ಕಾಟ ಬಂತು. ಉಂಡ ಕೈ ಒಣಗುವ ಮೊದಲೇ ಹಿತ್ತಲಿಗೆ ಓಡಬೇಕು. ಒಗ್ಗರಣೆಗೆ ಎಣ್ಣೆ ಒಂದು ಹನಿ ಹೆಚ್ಚಾದರೆ, ಎದ್ದು ಹೋಗಿ ಬಂದು ಮತ್ತೆ ಎದ್ದು ಹೋಗುವುದು. ಮಿಲ್ಲು ಸೇರಿದಾಗಿನಿಂದ ಶೇಂಗಾ ಎಣ್ಣೆಯಲ್ಲೇ ಮುಳುಗೆದ್ದ ಮನುಷ್ಯ ನಾನು. ಬಿಸಿ ಅನ್ನಕ್ಕೆ ಹಸಿ ಎಣ್ಣೆ ಸುರಿದುಕೊಂಡು, ಚಟ್ನಿಪುಡಿ ಕಲಸಿಕೊಂಡು ಉಂಡವನು. ಆ ಎಣ್ಣೆಯೇ ನನ್ನ ಮೇಲೆ ಹೀಗೆ ತಿರುಗಿಬಿದ್ದರೆ ಹೊಟ್ಟೆಗಿಂತ ಮನಸ್ಸಿಗೆ ಹೆಚ್ಚು ನೋವಾಗುತ್ತದೆ.

ಮತ್ತೆ ದುರ್ಗಕ್ಕೆ ಹೋದೆವು. ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಬಾಯಿ ಒಳ್ಳೆಯದು, ತಾತ ಅಂತಲೇ ಕರೆಯುತ್ತಾಳೆ. ಆದರೆ ದಿನಕ್ಕೆ ಎಷ್ಟು ಸಲ ಹೋಗ್ತಾರೆ ಎಂಬ ಪ್ರಶ್ನೆಯನ್ನು ನನ್ನನ್ನು ಬಿಟ್ಟು ಓಬಮ್ಮನನ್ನು ಕೇಳಿದಳು. ಓಬಮ್ಮನೂ ಲೆಕ್ಕ ಇಟ್ಟವಳ ಹಾಗೆ ಹೇಳಿದಳು. ಹೋದವನು ನಾನು, ಉತ್ತರ ಅವಳದು.

"ತಾತ, ಇಷ್ಟು ದಿನ ಪಿತ್ತ ತುಂಬಿಕೊಳ್ಳೋಕೆ ಒಂದು ಚೀಲ ಇತ್ತು" ಎಂದಳು ಡಾಕ್ಟರಮ್ಮ. "ಊಟಕ್ಕೆ ಬೇಕಾದಾಗ ಬಿಡ್ತಿತ್ತು. ಈಗ ಚೀಲ ಇಲ್ಲ, ಪಿತ್ತ ಸದಾ ಜಿನುಗ್ತಾ ಇರುತ್ತೆ. ಅದಕ್ಕೇ ಹೀಗೆ. ಎಣ್ಣೆ, ತುಪ್ಪ, ಕರಿದದ್ದು ಕಡಿಮೆ ಮಾಡಿ. ನಾರು ಇರೋದನ್ನ ತಿನ್ನಿ."

"ನಾರು ಅಂದ್ರೆ ಹಗ್ಗ ಹೊಸೆಯೋದಾ?"

"ಅಲ್ಲ ತಾತ. ಕಾಳಿನ ಸಿಪ್ಪೆ, ಹಿಟ್ಟಿನ ಹೊಟ್ಟು, ಸೊಪ್ಪು, ತರಕಾರಿ. ಒಳಗೆ ಹೋಗಿ ಪಿತ್ತನ ಹೀರ್ಕೊಳುತ್ತೆ. ಆದ್ರೆ ಒಂದೇ ಸಲ ಜಾಸ್ತಿ ತಿನ್ಬೇಡಿ. ಸ್ವಲ್ಪದಿಂದ ಶುರು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಏರಿಸಿ."

ಹೀರಿಕೊಳ್ಳುವುದು ಅಂದ ಕೂಡಲೇ ನನಗೆ ಮಿಲ್ಲು ಕಣ್ಣಿಗೆ ಬಂತು. ಅಲ್ಲಿ ನೆಲದ ಮೇಲೆ ಎಣ್ಣೆ ಚೆಲ್ಲಿದರೆ ನಾವು ಶೇಂಗಾ ಸಿಪ್ಪೆಯ ಹೊಟ್ಟು ಎರಚುತ್ತಿದ್ದೆವು. ಹೊಟ್ಟು ಎಣ್ಣೆಯನ್ನೆಲ್ಲ ಕುಡಿದು ಮುದ್ದೆಯಾಗುತ್ತಿತ್ತು, ಗುಡಿಸಿ ಹೊರಗೆ ಹಾಕುತ್ತಿದ್ದೆವು. "ಅಂದ್ರೆ ನನ್ನ ಹೊಟ್ಟೇಲಿ ಎಣ್ಣೆ ಚೆಲ್ಲೈತೆ, ಹೊಟ್ಟು ಎರಚ್ಕೋ ಅಂತೀರಾ?" ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕಳು. "ಹಂಗೇ ಅಂತಿಟ್ಕೊಳ್ಳಿ" ಅಂದಳು.

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಹೊಟ್ಟು ತಿನ್ನು ಎಂದು ನನಗೆ ಯಾರೂ ಹೇಳಬಾರದು. ಯಾಕೆ ಎಂದು ಹೇಳುತ್ತೇನೆ.

ನಾವು ಕುರಿ ಕಾಯ್ದ ಮನೆಯವರು. ನಮ್ಮವ್ವ ಬೀಸುವ ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದಳು. ಕಲ್ಲಿನಿಂದ ಏನು ಬಿತ್ತೋ ಅದೇ ಮುದ್ದೆ. ಹೊಟ್ಟು ಬೇರೆ, ಹಿಟ್ಟು ಬೇರೆ ಎಂಬುದು ನಮಗೆ ಗೊತ್ತಿರಲಿಲ್ಲ. ಮುದ್ದೆ ನುಂಗಿದರೆ ಗಂಟಲಲ್ಲಿ ಗರಗರ ಅನ್ನುತ್ತಿತ್ತು. ಒಂದು ಸಲ ನೆಂಟರ ಪೈಕಿ ಉಳ್ಳವರೊಬ್ಬರು ಬಂದರು. ಅವ್ವ ಪಕ್ಕದ ಮನೆಯಿಂದ ಜರಡಿ ಇಸಕೊಂಡು ಬಂದು ಹಿಟ್ಟು ಜರಡಿ ಹಿಡಿದಳು. ಅವರಿಗೆ ನುಣ್ಣನೆಯ ಮುದ್ದೆ, ನಮಗೆ ಜರಡಿಯಲ್ಲಿ ಉಳಿದದ್ದನ್ನೂ ಸೇರಿಸಿ ಮಾಡಿದ ಮುದ್ದೆ. ಅವರ ತಟ್ಟೆಯಲ್ಲಿ ಅದು ಹೊಳೆಯುತ್ತಿತ್ತು. ಆ ಹೊಳಪನ್ನು ನೋಡುತ್ತಾ ನಾನು ನನ್ನದನ್ನು ನುಂಗಿದೆ. ಆಮೇಲೆ ಶಾಲೆ ಬಿಟ್ಟೆ, ಕುರಿ ಬಿಟ್ಟೆ, ಚಳ್ಳಕೆರೆಗೆ ಬಂದು ಮಿಲ್ಲು ಸೇರಿದೆ. ಮೊದಲ ಸಂಬಳದಲ್ಲಿ ಅವ್ವನಿಗೆ ಸೀರೆ ತರಲಿಲ್ಲ, ಜರಡಿ ತಂದೆ. ಅವ್ವ ಅವತ್ತೇ ಹಿಟ್ಟು ಜರಡಿ ಹಿಡಿದು, ಮೇಲೆ ಉಳಿದ ಹೊಟ್ಟನ್ನು ಬೊಗಸೆಯಲ್ಲಿ ತುಂಬಿ ಎಮ್ಮೆಯ ಕಲಗಚ್ಚಿಗೆ ಸುರಿದಳು. "ಇನ್ಮ್ಯಾಲೆ ನನ್ ಮಗ ಹೊಟ್ಟು ತಿನ್ನಂಗಿಲ್ಲ" ಅಂದಳು, ಎಮ್ಮೆಗೆ ಹೇಳುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ.

ಎಮ್ಮೆಗೆ ಹಾಕಿದ್ದನ್ನು ಈಗ ನನ್ನ ತಟ್ಟೆಗೆ ಹಾಕಿ ಅಂದರೆ ನಾನು ಹೇಗೆ ಒಪ್ಪಲಿ, ನೀವೇ ಹೇಳಿ. ಈ ಲೋಕವೂ ಎಂಥದ್ದು ನೋಡಿ. ಅಕ್ಕಿಯನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದರು, ಹಿಟ್ಟನ್ನು ಸೋಸಿ ಸೋಸಿ ನುಣ್ಣಗೆ ಮಾಡಿದರು, ಅದನ್ನು ತಿಂದವನೇ ದೊಡ್ಡ ಮನುಷ್ಯ ಅಂದರು. ನಾವು ಹೆಣಗಾಡಿ ಆ ನುಣ್ಣನೆಯ ತಟ್ಟೆಯ ತನಕ ಬಂದು ಕೂತರೆ, ಏಳು ಏಳು, ಹೊಟ್ಟು ತಿನ್ನುವುದೇ ಒಳ್ಳೆಯದು ಅನ್ನುತ್ತಿದ್ದಾರೆ. ಪೇಟೆಯ ಅಂಗಡಿಯಲ್ಲಿ ಅದೇ ಹೊಟ್ಟನ್ನು ಡಬ್ಬಿಯಲ್ಲಿ ತುಂಬಿ, ಡಬ್ಬಿಯ ಮೇಲೆ ಓಡುತ್ತಿರುವ ಗಂಡಸಿನ ಚಿತ್ರ ಹಾಕಿ ಇಟ್ಟಿದ್ದಾರೆ. ಅವನು ಯಾಕೆ ಓಡುತ್ತಿದ್ದಾನೆ ಎಂದು ನನಗೆ ಮಾತ್ರ ಗೊತ್ತು.

ಇಷ್ಟಾದರೂ ನಾನು ಹೊಟ್ಟು ಮುಟ್ಟುತ್ತಿರಲಿಲ್ಲ. ಮುಟ್ಟುವ ಹಾಗೆ ಮಾಡಿದ್ದು ಮೊಳಕಾಲ್ಮೂರಿನಿಂದ ಬಂದ ಫೋನು.

"ಅಪ್ಪಾ, ಗೌರಿ ಬಾಯಿಗೆ ಮೊದಲ ತುತ್ತು ಇಡೋದು ಅಂತ ಮಾಡಿದೀವಿ" ಅಂದಳು ಮಂಜುಳ. "ಅಮಾವಾಸ್ಯೆ ಕಳೆದು ಬರೋ ಸೋಮವಾರ. ಇನ್ನೂ ಮೂರು ವಾರ ಇದೆ."

ಕೇಳಿ ನನ್ನ ಕಿವಿ ತಂಪಾಯಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಗುವಿಗೆ ಮೊದಲ ತುತ್ತು ಇಡುವಾಗ ತಾಯಿಯ ತಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಮಗುವಿನ ಬಟ್ಟಲಿನಿಂದ ಮೊದಲು ತಾನು ಒಂದು ತುತ್ತು ತಿನ್ನಬೇಕು, ಆಮೇಲೆ ಅದೇ ಬೆರಳಲ್ಲಿ ಮಗುವಿಗೆ. ತಾತ ತಿನ್ನದೆ ಮಗು ತಿನ್ನುವ ಹಾಗಿಲ್ಲ. ಮಂಜುಳನಿಗೆ ನನ್ನ ಮಾವ ತಿನ್ನಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ನಾನು ನನ್ನ ಸರದಿಗೆ ಕಾಯುತ್ತಿದ್ದವನು.

ಅಷ್ಟರಲ್ಲಿ ಮಂಜುಳ ದನಿ ತಗ್ಗಿಸಿ, "ಆದ್ರೆ ಅಪ್ಪಾ, ನಿನಗೆ ಬಸ್ಸಲ್ಲಿ ಬರೋಕೆ ಆಗುತ್ತಾ? ಆಗ್ದಿದ್ರೆ ಬೇಜಾರು ಮಾಡ್ಕೋಬೇಡ. ಇಲ್ಲಿ ನಮ್ಮ ಮಾವನ ಕೈಲೇ ತಿನ್ನಿಸ್ತೀವಿ" ಅಂದಳು.

ನನ್ನ ಬೀಗರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮಗ್ಗದಲ್ಲಿ ಕೂತು ಎದ್ದ ಸಾಧು ಮನುಷ್ಯ. ಆದರೂ ಆ ಮಾತು ಕೇಳಿ ನನಗೆ ಅವರ ಮೇಲೆ, ಅವರ ಮಗ್ಗದ ಮೇಲೆ, ಮೊಳಕಾಲ್ಮೂರಿನ ಬಂಡೆಗಳ ಮೇಲೆ ಎಲ್ಲ ಸಿಟ್ಟು ಬಂತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಗಂಟೆಯ ಮೇಲೆ ದಾರಿ. ನಡುವೆ ಎಲ್ಲಿ ಇಳಿಯಲಿ, ಯಾವ ಜಾಲಿಯ ಮರೆಗೆ ಓಡಲಿ. ಬಸ್ಸಿನ ತುಂಬ ಜನ ಕಿಟಕಿಯಿಂದ ನೋಡುತ್ತಾರೆ. ಆ ಭಯ ಮಂಜುಳನಿಗೂ ಗೊತ್ತಿತ್ತು, ಅದಕ್ಕೇ ಕೇಳಿದ್ದಳು. "ಬರ್ತೀನಿ. ನಡ್ಕೊಂಡಾದ್ರೂ ಬರ್ತೀನಿ" ಎಂದು ಫೋನು ಇಟ್ಟೆ.

ಮಗುವಿನ ರಾಗಿ ಸರಿಗೆ ಹಿಟ್ಟು ಕಳಿಸುವುದು ತವರಿನವರು. ಓಬಮ್ಮ ಮಾರನೆಯ ದಿನವೇ ರಾಗಿ ನೆನೆಹಾಕಿದಳು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವ ಹಾಗೆ ಹುರಿದು, ಬೀಸಿಸಿಕೊಂಡು ಬಂದಳು. ಮಗುವಿನ ಕರುಳಿಗೆ ಜರಡಿಯ ಕಣ್ಣು ಸಾಲದು, ಹಿಟ್ಟನ್ನು ಬಟ್ಟೆಯಲ್ಲಿ ಸೋಸಬೇಕು. ಬಟ್ಟೆ ಹಳೆಯದಿರಬೇಕು, ಮೆತ್ತಗಿರಬೇಕು, ತೊಳೆದು ತೊಳೆದು ನೂಲು ಸಡಿಲವಾಗಿರಬೇಕು. ಮನೆಯೆಲ್ಲ ಹುಡುಕಿ ಓಬಮ್ಮನ ಕಣ್ಣು ನನ್ನ ಸೊಂಟದ ಮೇಲೆ ನಿಂತಿತು.

"ಬಿಚ್ರಿ."

"ಇದನ್ನಾ? ನಾನು ಉಟ್ಕೊಂಡಿದೀನಿ ಕಣೇ."

"ಅದಕ್ಕೇ ಬಿಚ್ರಿ ಅಂದಿದ್ದು. ಮೊಮ್ಮಗಳಿಗಿಂತ ಹೆಚ್ಚಾಯ್ತಾ ಪಂಚೆ?"

ಬಿಚ್ಚಿ ಕೊಟ್ಟು ಟವೆಲ್ ಸುತ್ತಿಕೊಂಡೆ. ಅವಳು ಅದನ್ನು ಬಿಸಿನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ನಾನು ಮೊದಲೇ ಹೇಳಿದ ಹಾಗೆ ಪರ್ರೆಂದು ಹರಿದಳು. ಹರಿದ ಅರ್ಧದ ಎರಡು ತುದಿ ನಾನು ಹಿಡಿದೆ, ಎರಡು ತುದಿ ಅವಳು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಳು. ನಡುವೆ ಹಿಟ್ಟು ಸುರಿದು ಅಂಗೈಯಲ್ಲಿ ಮೆಲ್ಲಗೆ ಆಡಿಸಿದರೆ ಕೆಳಗಿನ ಪರಾತಕ್ಕೆ ಹಿಟ್ಟು ಹೊಗೆಯ ಹಾಗೆ ಇಳಿಯುತ್ತಿತ್ತು. ಕೆಳಗೆ ಬಿದ್ದದ್ದು ಗೌರಿಗೆ. ಬಟ್ಟೆಯ ಮೇಲೆ ಉಳಿದದ್ದು ಒಂದು ಗುಡ್ಡೆ ಹೊಟ್ಟು.

"ಇದು ನಿಮ್ಮದು" ಅಂದಳು ಓಬಮ್ಮ.

"ಮೊಮ್ಮಗಳಿಗೆ ಹಿಟ್ಟು, ನನಗೆ ಹೊಟ್ಟಾ? ನಾನೇನು ಎಮ್ಮೆನಾ?"

"ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ಸುಮ್ನೆ ತಿಂತಿತ್ತು."

ಸಿಟ್ಟಿನಲ್ಲಿ ರಾತ್ರಿಯೆಲ್ಲ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದೆ. ತಿನ್ನುವುದೇ ಆದರೆ ಗಂಡಸಿನ ಹಾಗೆ ತಿನ್ನಬೇಕು. ಸೋಮವಾರ ಹತ್ತಿರ ಬರುತ್ತಿದೆ, ಚಮಚದ ಲೆಕ್ಕದಲ್ಲಿ ಯಾವಾಗ ವಾಸಿಯಾಗುವುದು. ಬೆಳಿಗ್ಗೆ ದೊಡ್ಡ ಚೊಂಬಿನ ತುಂಬ ಹೊಟ್ಟಿನ ಗಂಜಿ ಕುಡಿದೆ. ಮಧ್ಯಾಹ್ನ ಹುರುಳಿಕಾಳಿನ ಉಸಲಿಯನ್ನು ಊಟದ ಹಾಗೆ ಉಂಡೆ. ನವಣೆ ಅನ್ನ ಬಡಿಸಿಕೊಂಡೆ, ಬೆಂಡೆಕಾಯಿ ಪಲ್ಯ ಬಡಿಸಿಕೊಂಡೆ. ಸಾಯಂಕಾಲ ಸೀಬೆಹಣ್ಣನ್ನು ಬೀಜ ಸಮೇತ ಅಗಿದೆ. ಡಾಕ್ಟರಮ್ಮ ಸ್ವಲ್ಪ ಸ್ವಲ್ಪ ಅಂದದ್ದು ಮರೆತಿರಲಿಲ್ಲ. ಅದು ಪಟ್ಟಣದ ಹೊಟ್ಟೆಗೆ ಹೇಳಿದ ಮಾತು, ಹೊಟ್ಟು ತಿಂದೇ ಬೆಳೆದ ಈ ಹೊಟ್ಟೆಗಲ್ಲ ಎಂದುಕೊಂಡಿದ್ದೆ.

ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ತಮಟೆಯಾಯಿತು. ಕೂತರೆ ಆಗದು, ಮಲಗಿದರೆ ಆಗದು. ಒಳಗೆ ಗುಡುಗು, ಹೊರಗೆ ಇನ್ನೂ ಏನೇನೋ. ಓಬಮ್ಮ ಓಮಿನ ನೀರು ಕಾಯಿಸಿ ತಂದು ಕೈಗೆ ಕೊಟ್ಟಳು. ಬಯ್ದಿದ್ದರೆ ನಾನೂ ಬಯ್ಯಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ.

ಎರಡು ದಿನ ಕಳೆದು ಬಾಷಾ ಬಂದ. ಮಿಲ್ಲಿನಲ್ಲಿ ನನ್ನ ಜೊತೆ ಒಂದೇ ಮಷೀನಿಗೆ ದುಡಿದವನು. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಗಾಡಿ ಇಟ್ಟಿದ್ದಾನೆ. ನನ್ನ ಕಥೆ ಕೇಳಿ ಗಡ್ಡ ಕೆರೆದುಕೊಂಡ.

"ಲೇ ತಿಪ್ಪೇಸಾ, ಮಷೀನು ಆಗಷ್ಟೇ ರಿಪೇರಿ ಆಗಿ ಬಂದಾಗ ನಾವು ಏನು ಮಾಡ್ತಿದ್ವಿ?"

"ಏನು ಮಾಡ್ತಿದ್ವಿ? ಬೀಜ ಹಾಕ್ತಿದ್ವಿ."

"ಚೀಲ ಎತ್ತಿ ಸುರೀತಿದ್ವಾ?"

ರಿಪೇರಿಯಾದ ಮಷೀನಿಗೆ ಮೊದಲು ಒಂದು ಹಿಡಿ, ಆಮೇಲೆ ಒಂದು ಬೊಗಸೆ, ಅದು ಬಿಸಿಯಾಗಿ ಸದ್ದು ಹದಕ್ಕೆ ಬಂದ ಮೇಲೆ ಒಂದು ಮಂಕರಿ. ಒಮ್ಮೆಗೇ ಸುರಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಹೊಸದಾಗಿ ಬಂದ ಎಷ್ಟು ಹುಡುಗರಿಗೆ ನಾನೇ ಇದನ್ನು ಹೇಳಿ, ಕೇಳದಿದ್ದರೆ ಬಯ್ದಿದ್ದೇನೆ.

"ಕಬ್ಬಿಣಕ್ಕೆ ತೋರಿಸಿದ ಮರ್ಯಾದೆ ಹೊಟ್ಟೆಗೆ ತೋರ್ಸೋ ಯಾರ್" ಎಂದು ಹೇಳಿ ಬಾಷಾ ಎದ್ದು ಹೋದ. ಹೋಗುವಾಗ ಗೂಡಿನಲ್ಲಿದ್ದ ಶೀಶೆಯನ್ನು ಒಂದು ಸಲ ಅಲ್ಲಾಡಿಸಿಯೇ ಹೋದ.

ಅಂದಿನಿಂದ ಚಮಚದ ಲೆಕ್ಕ ಶುರುವಾಯಿತು. ಗಂಟಲಿಗೆ ಚುಚ್ಚುತ್ತದೆ ಎಂದು ನಾನು ಗೊಣಗಿದ್ದಕ್ಕೆ ಓಬಮ್ಮ ಹೊಟ್ಟನ್ನು ಇನ್ನೊಂದು ಸಲ ನುಣ್ಣಗೆ ಬೀಸಿಸಿಕೊಂಡು ಬಂದಳು. ತಿಳಿಗಂಜಿಗೆ ಒಂದು ಚಮಚ ಬೆರೆಸಿ, ಉಪ್ಪು, ಮಜ್ಜಿಗೆ ಹಾಕಿ ಕೊಡುತ್ತಿದ್ದಳು. ಹೊಟ್ಟೆ ಸುಮ್ಮನಿದ್ದರೆ ಒಂದೆರಡು ದಿನ ಬಿಟ್ಟು ಇನ್ನಷ್ಟು. ಫೋನು ಮಾಡಿದರೆ ಆ ಕಡೆ ಗೌರಿಗೆ ಬೇಳೆಯ ಕಟ್ಟನ್ನು ನಾಲಿಗೆಗೆ ಸವರಬಹುದಾ ಬೇಡವಾ ಎಂಬ ಚರ್ಚೆ, ಈ ಕಡೆ ನನಗೆ ಹೀರೇಕಾಯಿಯನ್ನು ಸಿಪ್ಪೆ ಸಮೇತ ಕೊಡಬಹುದಾ ಬೇಡವಾ ಎಂಬ ಚರ್ಚೆ. ತಾಯಿ ಮಗಳು ಇಬ್ಬರ ಹೊಟ್ಟೆಯ ವಿಷಯವನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದರು. ಕೆಲವು ಸಲ ಯಾರ ವಿಷಯ ಎಂದು ನನಗೇ ತಿಳಿಯುತ್ತಿರಲಿಲ್ಲ. "ಇವತ್ತು ಗಟ್ಟಿಯಾಗಿ ಆಯ್ತು" ಎಂದು ಓಬಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಸಂತೋಷವಾಯಿತು. ಅದು ನನ್ನದು ಎಂದು ಆಮೇಲೆ ಗೊತ್ತಾಗಿ ಸಿಟ್ಟೂ ಬಂತು.

ಆದರೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಸೋಮವಾರದ ಹೊತ್ತಿಗೆ ನಾನು ಹಿತ್ತಲ ಕಡೆ ಓಡುವುದು ನಿಂತು, ನಡೆದು ಹೋಗುವಷ್ಟಾಗಿದ್ದೆ.

ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹಿಡಿದೆ. ಬೆಳಿಗ್ಗೆ ಗಂಜಿ ಬಿಟ್ಟರೆ ಬೇರೇನೂ ಬಾಯಿಗೆ ಹಾಕಿರಲಿಲ್ಲ. ಬಸ್ಸು ಪ್ರತಿ ಗುಂಡಿಗೆ ಇಳಿದಾಗಲೂ ಉಸಿರು ಬಿಗಿಹಿಡಿದೆ. ಓಬಮ್ಮ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ "ಹೆಂಗೈತೆ? ಈಗ ಹೆಂಗೈತೆ?" ಎಂದು ಕೇಳಿ, ಮುಂದಿನ ಸೀಟಿನವರೂ ತಿರುಗಿ "ಏನಾಗೈತ್ರಿ ಇವರಿಗೆ?" ಎಂದು ಕೇಳುವ ಹಾಗೆ ಮಾಡಿದಳು. ಮೊಳಕಾಲ್ಮೂರಿನ ಬಂಡೆಗುಡ್ಡಗಳು ಕಂಡಾಗ ನನಗೆ ದೇವರೇ ಕಂಡ ಹಾಗಾಯಿತು. ಒಂದು ಸಲವೂ ಬಸ್ಸು ನಿಲ್ಲಿಸದೆ ಬಂದು ಇಳಿದೆ.

ಬೀಗರ ಮನೆಯ ನಡುಮನೆಯಲ್ಲೇ ಮಗ್ಗ. ಅರ್ಧ ನೇಯ್ದ ರೇಷ್ಮೆ ಸೀರೆಯ ಮೇಲೆ ಬಟ್ಟೆ ಮುಚ್ಚಿ, ಅದರ ಮುಂದೆ ಚಾಪೆ ಹಾಸಿದ್ದರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಬೀಗಿತ್ತಿ ಎದುರು ಬಂದರು. ಅವರ ತವರು ಗಡಿಯ ಆಚೆ, ಮಾತಿನಲ್ಲಿ ತೆಲುಗು ಬೆರೆಯುತ್ತದೆ.

"ಬರ್ರಿ ಅಣ್ಣಾರೆ, ರಂಡಿ ರಂಡಿ. ಹೊಟ್ಟೆ ಹೆಂಗೈತೆ? ಈಗ ಗಟ್ಟಿ ಆಗೈತಂತಲ್ಲ?"

ನನಗಿಂತ ಮೊದಲು ನನ್ನ ಹೊಟ್ಟೆಯ ಸುದ್ದಿ ಮೊಳಕಾಲ್ಮೂರು ಸೇರಿತ್ತು. ಬೀಗರ ಮುಂದೆ, ಅಳಿಯನ ಮುಂದೆ. ನಾನು ಮಗ್ಗದ ಕಡೆ ತಿರುಗಿ, ಸೀರೆಯ ಅಂಚು ನೋಡುವವನ ಹಾಗೆ ನಿಂತೆ. ಅಷ್ಟರಲ್ಲಿ ಮಂಜುಳ ಗೌರಿಯನ್ನು ತಂದು ಕೈಗೆ ಕೊಟ್ಟಳು. ಮಗು ನನ್ನ ಮೀಸೆ ಹಿಡಿದು ಎಳೆಯಿತು. ಆಮೇಲೆ ಯಾರು ಏನು ಕೇಳಿದರೋ ನನಗೆ ಗೊತ್ತಿಲ್ಲ.

ತಪ್ಪು ನಡೆದದ್ದು ಅಡುಗೆಮನೆಯಲ್ಲಿ. ಓಬಮ್ಮನ ಚೀಲದಲ್ಲಿ ಎರಡು ಗಂಟುಗಳಿದ್ದವು. ಒಂದು ಗೌರಿಯ ಹಿಟ್ಟು, ಇನ್ನೊಂದು, ರಾತ್ರಿ ಅಲ್ಲೇ ಉಳಿಯಬೇಕಾಗಿ ಬಂದರೆ ಇರಲಿ ಎಂದು ತಂದ ನನ್ನ ಹೊಟ್ಟು. ಎರಡನ್ನೂ ಕಟ್ಟಿದ್ದು ಅದೇ ನನ್ನ ಪಂಚೆಯ ತುಂಡುಗಳಲ್ಲಿ. ಎರಡರ ಬಣ್ಣವೂ ಒಂದೇ, ಎರಡೂ ನುಣ್ಣಗೆ. ಯಾವುದು ಯಾರದು ಎಂದು ಓಬಮ್ಮ ಬಾಯಿಬಿಟ್ಟು ಹೇಳಲಿಲ್ಲ, ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಳು. ಬೀಗಿತ್ತಿ ಕೇಳಲಿಲ್ಲ. ಕೇಳಿದರೆ, ಮೊಮ್ಮಗಳಿಗೆ ರಾಗಿ ಸರಿ ಮಾಡಲೂ ಬರುವುದಿಲ್ಲ ಅಂದುಕೊಂಡಾರು ಎಂಬ ಸಂಕೋಚ. ಕೈಗೆ ಸಿಕ್ಕ ಗಂಟು ಬಿಚ್ಚಿ, ಹಾಲು ಬೆಲ್ಲ ಹಾಕಿ, ಅಕ್ಕರೆಯಿಂದ ಕಾಯಿಸಿ, ಬೆಳ್ಳಿ ಬಟ್ಟಲಲ್ಲಿ ತಂದು ನನ್ನ ಮುಂದೆ ಇಟ್ಟರು.

ಗೌರಿ ನನ್ನ ತೊಡೆಯ ಮೇಲೆ ಕೂತಿತ್ತು. ಸುತ್ತ ಬೀಗರು, ಅಳಿಯ, ಆರತಿ ಹಿಡಿದ ಮಂಜುಳ. ನಾನು ದೇವರನ್ನು ನೆನೆದು ಬೆರಳನ್ನು ಬಟ್ಟಲಿಗೆ ಅದ್ದಿ ನನ್ನ ಬಾಯಿಗೆ ಇಟ್ಟುಕೊಂಡೆ.

ಬೆಲ್ಲದ ಸಿಹಿ, ಹಾಲು, ಅದರ ಕೆಳಗೆ ಸಣ್ಣಗೆ ಗರಗರ. ಇಷ್ಟು ದಿನ ಬೆಳಿಗ್ಗೆ ಎದ್ದು ಬಯ್ಯುತ್ತಾ ನುಂಗಿದ ಆ ಗರಗರವನ್ನು ನನ್ನ ನಾಲಿಗೆ ಕತ್ತಲಲ್ಲೂ ಗುರುತು ಹಿಡಿಯುತ್ತದೆ. ಇದು ನನ್ನದು. ಹಾಲು ಬಿಟ್ಟು ಬೇರೇನೂ ಕಾಣದ ಹಸುಗೂಸಿನ ಕರುಳಿಗೆ ಇದು ಹೋದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೌರಿ ಬಾಯಿ ತೆರೆದುಕೊಂಡು ನನ್ನ ಬೆರಳಿಗೆ ಕಾಯುತ್ತಿತ್ತು.

ತಲೆ ಎತ್ತಿದೆ. ಬೀಗಿತ್ತಿ ಸೆರಗು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು, ಚೆನ್ನಾಗಿದೆ ಅನ್ನುತ್ತಾರಾ ಎಂದು. ಹೊಟ್ಟಿನ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಕಾರಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಆ ಮುಖ ನೋಡಿ ನನಗೆ, ಪಕ್ಕದ ಮನೆಯಿಂದ ಜರಡಿ ಇಸಕೊಂಡು ಬಂದ ನಮ್ಮವ್ವನ ನೆನಪಾಯಿತು.

"ಬಾಳ ಚೆನ್ನಾಗೈತಮ್ಮ" ಎಂದೆ. ಎಂದವನೇ ಇನ್ನೊಂದು ತುತ್ತು ತಿಂದೆ. ಮತ್ತೊಂದು. ಬಟ್ಟಲನ್ನೇ ಎತ್ತಿಕೊಂಡೆ.

"ಅಪ್ಪಾ, ಮಗೂಗೆ?" ಅಂದಳು ಮಂಜುಳ.

"ಇರವ್ವ. ನಮ್ಮ ಕಡೆ ಮೊದ್ಲು ತಾತನ ಬಟ್ಲು ಖಾಲಿ ಆಗ್ಬೇಕು. ಆಮೇಲೆ ಮಗೂದು ಬ್ಯಾರೆ ಒಲೆಗಿಡಬೇಕು. ಆ ಇನ್ನೊಂದು ಗಂಟಿಂದು."

ಓಬಮ್ಮ ನನ್ನನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಅವಳ ಮುಖದ ಬಣ್ಣ ಹೋಗಿ ಮತ್ತೆ ಬಂತು. "ಹೌದ್ರಮ್ಮ, ನಮ್ಮಲ್ಲಿ ಹಂಗೇ. ಇವರಪ್ಪನ ಕಾಲದಿಂದಲೂ ಹಂಗೇ. ನಾನೇ ಹೇಳೋದು ಮರ್ತಿದ್ದೆ" ಎಂದು ಅಡುಗೆಮನೆಗೆ ಓಡಿದಳು.

ಹಸಿದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲರೆದುರು ಬಟ್ಟಲು ನೆಕ್ಕಿದ ತಾತ ನಾನೊಬ್ಬನೇ ಇರಬೇಕು. ಗೌರಿಯಂತೂ ಈ ಅನ್ಯಾಯವನ್ನು ಸಹಿಸದೆ ನನ್ನ ಮೀಸೆಯನ್ನು ಎರಡೂ ಕೈಯಲ್ಲಿ ಹಿಡಿಯಿತು. ಸಿಟ್ಟು ನನ್ನದೇ ವಂಶದ್ದು, ನೋಡಿ ಹೊಟ್ಟೆ ತುಂಬಿತು.

ಎರಡನೆಯ ಬಟ್ಟಲು ಬಂತು. ಮತ್ತೆ ಬೆರಳು ಅದ್ದಿ ನನ್ನ ನಾಲಿಗೆಗೆ ಇಟ್ಟುಕೊಂಡೆ. ರೇಷ್ಮೆಯ ಹಾಗೆ ಜಾರಿ ಹೋಯಿತು. ನಿಜ ಹೇಳಲಾ, ರುಚಿಯೇ ಇರಲಿಲ್ಲ. ನಾಲಿಗೆ ಆ ಗರಗರವನ್ನು ಹುಡುಕಿ, ಸಿಗದೆ ಪೆಚ್ಚಾಯಿತು. ಬಾಳೆಲ್ಲ ನುಣ್ಣನೆಯದಕ್ಕೆ ಆಸೆಪಟ್ಟವನ ನಾಲಿಗೆಯನ್ನು ಈ ಹೆಂಗಸರು ಸೇರಿ ಒಂದು ಚಮಚದಲ್ಲಿ ಕೆಡಿಸಿಬಿಟ್ಟಿದ್ದರು. ಆ ಸಿಟ್ಟು ಇನ್ನೂ ಇದೆ, ಬಿಟ್ಟಿಲ್ಲ.

ಆಮೇಲೆ ಅದೇ ಬೆರಳನ್ನು ಗೌರಿಯ ಬಾಯಿಗೆ ಇಟ್ಟೆ. ಮಗು ಮುಖ ಹಿಂಡಿತು, ಹುಬ್ಬು ಗಂಟು ಹಾಕಿತು, ಯಾರು ಇದನ್ನು ಮಾಡಿದವರು ಎಂದು ಸುತ್ತ ನೋಡಿತು. ಅರ್ಧವನ್ನು ಗಲ್ಲದ ಮೇಲೆ ಹೊರಗೆ ತಳ್ಳಿತು. ಉಳಿದರ್ಧ ಒಳಗೆ ಹೋಗಿ ಗುಟುಕ್ ಎಂದಿತು. ಆ ಗುಟುಕು ನನ್ನ ಬೆರಳಿಗೆ ಕೇಳಿಸಿತು. ಮತ್ತೆ ಬಾಯಿ ತೆರೆಯಿತು.

ಪಂಕ್ತಿಯಲ್ಲಿ ಬೀಗಿತ್ತಿ ಹೋಳಿಗೆಯ ತಟ್ಟೆ ಹಿಡಿದು ಬಂದರು. ನನ್ನ ಎಲೆಯ ಮುಂದೆ ಬಂದಾಗ ಹೋಳಿಗೆ ಬಡಿಸದೆ, ನವಣೆ ಅನ್ನಕ್ಕೆ ತಿಳಿಸಾರು ಹಾಕಿದರು. ಬಗ್ಗಿ, ನನಗೊಬ್ಬನಿಗೇ ಕೇಳುವ ಹಾಗೆ, "ಅಣ್ಣಾರೆ, ಆ ಎರಡು ಬಟ್ಲ ಪದ್ಧತಿ ನಾನು ಎಲ್ಲೂ ಕೇಳಿಲ್ಲ" ಅಂದರು. ಕಣ್ಣು ಒದ್ದೆಯಾಗಿತ್ತು.

"ನಾನೂ ಇವತ್ತೇ ಕೇಳಿದ್ದಮ್ಮ" ಅಂದೆ.

ಸಾಯಂಕಾಲದ ಬಸ್ಸಿಗೆ ಹೊರಟೆವು. ಉಳಿದ ಹೊಟ್ಟಿನ ಗಂಟನ್ನು ಬೀಗಿತ್ತಿ ತಾವೇ ಬಿಗಿಯಾಗಿ ಕಟ್ಟಿ ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಬೆಳಿಗ್ಗೆ ಬಾಗಿಲ ಪಕ್ಕ ಕೂತವನು ಈಗ ಕಿಟಕಿಯ ಪಕ್ಕ ಕೂತಿದ್ದೇನೆ ಎಂದು ಬಸ್ಸು ಊರು ದಾಟಿದ ಮೇಲೆ ಗೊತ್ತಾಯಿತು. ಟಿಕೆಟ್ ಹರಿಯುತ್ತಾ ಬಂದ ಕಂಡಕ್ಟರ್ ಗಂಟಿನ ಕಡೆ ಪೆನ್ನು ತೋರಿಸಿದ.

"ಏನ್ ಯಜಮಾನ್ರೆ, ಅಷ್ಟು ಜೋಪಾನ ಮಾಡ್ತಿದೀರಾ, ಮೊಳಕಾಲ್ಮೂರು ಸೀರೆನಾ?"

ಓಬಮ್ಮ ಬಾಯಿ ತೆರೆದಳು. ಎಮ್ಮೆಯ ವಿಷಯ ತೆಗೆಯುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಮೊದಲೇ ನಾನು ಹೇಳಿದೆ, ಮುಂದಿನ ಸೀಟಿನವರಿಗೂ ಕೇಳುವ ಹಾಗೆ.

"ನನ್ ಮೊಮ್ಮಗಳು ಉಂಡು ಬಿಟ್ಟಿದ್ದು ಕಣಪ್ಪ. ಮನೆಗೆ ಹೋಗಿ ನಾನು ಉಣ್ಣಬೇಕು."